ಕನ್ನಡದ ರಾಪ್ ಗೀತವೂ ಪ್ರಾಸವಿಚಾರವೂ

೧. ವಿಷಯಪ್ರವೇಶ

೨೦೧೬ನೆಯ ಇಸವಿಯಲ್ಲಿ ಶ್ರೀ ಚಂದನ್ ಶೆಟ್ಟಿಯವರ ‘ತ್ರೀ ಪೆಗ್’ ಎಂಬ ರಾಪ್ ಗೀತವು ಪ್ರಕಟವಾಯಿತು. ಹಾಸನ ಜಿಲ್ಲೆಯವರಾದ ಈ ಗೀತಕಾರರು ಅದಕ್ಕೆ ಮುಂಚೆ ಚಲನಚಿತ್ರಸಂಗೀತದಲ್ಲಿ ಕೆಲಸಮಾಡಿದವರು. ಈ ಒಂದು ಗೀತದಿಂದ ಅವರ ಹೆಸರು ಮನೆಮಾತಾಯಿತು. ಚಲನಚಿತ್ರದ ಆಶ್ರಯವನ್ನು ಬೇಡದೆ, ನಾಯಕನಟನ ಮುಖವನ್ನು ಎರವು ಪಡೆಯದೆ, ಕನ್ನಡದ ರಾಪ್ ಗೀತವೊಂದು ಮದುವೆಯ ಮೆರವಣಿಗೆಯಲ್ಲಿಯೂ ಬಸ್ಸುಗಳಲ್ಲಿಯೂ ಕಾಲೇಜಿನ ವಾರ್ಷಿಕೋತ್ಸವದಲ್ಲಿಯೂ ಸಲ್ಲುವಂತಾದದ್ದು ಸಾಮಾನ್ಯವಾದ ಸಂಗತಿಯಲ್ಲ.

ಇಂಥ ಗೀತವು ಸಾಹಿತ್ಯವಿಮರ್ಶೆಗೆ ವಿಷಯವಾಗಬಹುದೇ ಎಂಬಲ್ಲಿ ಎರಡು ಪಕ್ಷಗಳುಂಟು. ಇದು ಗದ್ದಲವೇ ಹೊರತು ಕಾವ್ಯವಲ್ಲ, ಆದಕಾರಣ ವಿಚಾರಕ್ಕೆ ಅನರ್ಹವೆಂಬುದು ಒಂದು. ಲಕ್ಷಗಟ್ಟಲೆ ಜನ ಮೆಚ್ಚಿದ ಮೇಲೆ ವಿಚಾರಿಸುವುದಕ್ಕೆ ಉಳಿದದ್ದೇನು, ಜನಪ್ರೀತಿಯೇ ಪ್ರಮಾಣವೆಂಬುದು ಇನ್ನೊಂದು. ಮೊದಲನೆಯ ಪಕ್ಷದವರು ಓದದೆಯೇ ತೀರ್ಪು ಕೊಡುತ್ತಾರೆ. ಎರಡನೆಯವರು ತೀರ್ಪೇ ಬೇಡವೆನ್ನುತ್ತಾರೆ. ಎರಡರಿಂದಲೂ ಪಾಠ ಹೇಳುವ ಉಪಾಧ್ಯಾಯರಿಗೆ ಪ್ರಯೋಜನವಿಲ್ಲ. ಏಕೆಂದರೆ ಅವರ ಮುಂದೆ ಕುಳಿತ ವಿದ್ಯಾರ್ಥಿಗೆ ರಗಳೆಯ ಗಣವಿಭಾಗಕ್ಕಿಂತ ಮೊದಲು ಬಾಯಿಗೆ ಬಂದಿರುವುದು ಈ ಗೀತ. ಅವನ ಕಿವಿಯು ಯಾವುದನ್ನು ಹಿಡಿಯಿತು, ಏಕೆ ಹಿಡಿಯಿತು ಎಂಬುದನ್ನು ಲಕ್ಷಣಶಾಸ್ತ್ರವು ಹೇಳಲಾರದಾದರೆ ಆ ಶಾಸ್ತ್ರವನ್ನು ಕಲಿಯೆಂದು ಅವನಿಗೆ ಹೇಳುವುದು ಕಷ್ಟ.

ಈ ಪರೀಕ್ಷೆಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳನ್ನು ನಿದರ್ಶನಭೂಮಿಯಾಗಿ ಇಟ್ಟುಕೊಳ್ಳುವುದು ಉಚಿತ. ಕೇಳಲೆಂದೇ ಬರೆಸಿದ ಮಾತು ಅಲ್ಲಿಯ ಬಂಡೆಗಳ ಮೇಲಿದೆ. ಬರೆಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟವರು ಅಲ್ಲಿಯ ಹಟ್ಟಿಗಳಲ್ಲಿ ಬಾಳಿದ್ದಾರೆ. ಕನ್ನಡ ತೆಲುಗುಗಳೆರಡೂ ಅಲ್ಲಿ ಒಂದೇ ಅಂಗಳದಲ್ಲಿ ನಡೆಯುತ್ತವೆ. ರಾಪ್ ವಿಷಯದಲ್ಲಿ ಏಳುವ ಮೂರು ಪ್ರಶ್ನೆಗಳು, ಎಂದರೆ ಶ್ರವ್ಯತೆ, ಸ್ಮೃತಿ ಮತ್ತು ಭಾಷಾಮಿಶ್ರಣ, ಆ ಸೀಮೆಗೆ ಹೊಸವಲ್ಲ.

೨. ಹೆಸರಿನ ಅರ್ಥ

‘ಆಲ್ಬಂ’ ಎಂಬುದು ಲ್ಯಾಟಿನ್ ಮೂಲದ ಶಬ್ದ. ಬಿಳಿಯದೆಂದು ಧಾತ್ವರ್ಥ, ಪ್ರಕಟಣೆಗಳನ್ನು ಬರೆಯುವ ಬಿಳಿಯ ಹಲಗೆಯೆಂದು ರೂಢ್ಯರ್ಥ. ಇಂಗ್ಲಿಷಿನಲ್ಲಿ ಅದು ಹಲವು ಗೀತಗಳ ಸಂಪುಟವನ್ನು ಹೇಳುತ್ತದೆ. ಕನ್ನಡದಲ್ಲಿಯೂ ಧ್ವನಿಸುರುಳಿಯ ಕಾಲದಲ್ಲಿ ಆ ಅರ್ಥವೇ ನಡೆಯುತ್ತಿತ್ತು. ಆದರೆ ಈಚಿನ ವ್ಯವಹಾರದಲ್ಲಿ ‘ಆಲ್ಬಂ ಹಾಡು’ ಎಂದರೆ ಚಲನಚಿತ್ರಕ್ಕೆ ಸೇರದ ಸ್ವತಂತ್ರ ಗೀತವೆಂದೇ ಅರ್ಥ. ಅದು ಒಂದೇ ಆಗಿದ್ದರೂ ಆಲ್ಬಂ. ಸಮುದಾಯವಾಚಕವು ಏಕವ್ಯಕ್ತಿವಾಚಕವಾಗಿ, ಪರಿಮಾಣವನ್ನು ಬಿಟ್ಟು ಸ್ವಾತಂತ್ರ್ಯವನ್ನು ಹೇಳತೊಡಗಿದ ಈ ಅರ್ಥಪಲ್ಲಟವು ನಾಡಿನ ಸ್ಥಿತಿಯನ್ನು ತಿಳಿಸುತ್ತದೆ. ಹಾಡೆಂದರೆ ಚಿತ್ರದ ಹಾಡೆಂಬ ಭಾವನೆ ಎಷ್ಟು ಬಲವಾಗಿತ್ತೆಂದರೆ, ಹಾಗಲ್ಲದ್ದನ್ನು ಗುರುತಿಸಲು ಬೇರೊಂದು ಶಬ್ದ ಬೇಕಾಯಿತು. ಈ ಅರ್ಥದಲ್ಲಿಯೇ ‘ತ್ರೀ ಪೆಗ್’ ಆಲ್ಬಂ ಎನ್ನಿಸಿಕೊಳ್ಳುತ್ತದೆ.

ಗೀತಕಾರರು ಮಾತನ್ನೂ ಧಾತುವನ್ನೂ ತಾವೇ ಕಟ್ಟಿ ತಾವೇ ಹಾಡಿದ್ದಾರೆ. ಮಾತು ಎಂದರೆ ಸಾಹಿತ್ಯ, ಧಾತು ಎಂದರೆ ಗೇಯ. ಇವೆರಡನ್ನೂ ಬಲ್ಲವನಿಗೆ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ವಾಗ್ಗೇಯಕಾರನೆಂಬ ಹೆಸರನ್ನು ಹೇಳಿದ್ದಾನೆ. ಉತ್ತಮ, ಮಧ್ಯಮ, ಅಧಮವೆಂಬ ತಾರತಮ್ಯದ ಪ್ರಶ್ನೆ ಬೇರೆ. ಜಾತಿಯಿಂದ ರಾಪ್‌ಗಾರನು ಈ ವರ್ಗಕ್ಕೆ ಸೇರುತ್ತಾನೆಂಬುದರಲ್ಲಿ ಸಂದೇಹವಿಲ್ಲ.

೩. ರಾಪ್‌ನ ಉತ್ಪತ್ತಿಯೂ ಲಯಸ್ವರೂಪವೂ

ರಾಪ್ ಹುಟ್ಟಿದ್ದು ಅಮೆರಿಕೆಯ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಬಡ ಕೇರಿಗಳಲ್ಲಿ. ೧೯೭೩ರ ಆಗಸ್ಟ್ ೧೧ರಂದು, ಜಮೈಕಾ ದ್ವೀಪದಿಂದ ಬಂದ ಕೂಲ್ ಹರ್ಕ್ ಎಂಬ ತರುಣನು ಅಲ್ಲಿ ನಡೆಸಿದ ಒಂದು ಕೂಟವನ್ನು ಈ ಸಂಪ್ರದಾಯದವರು ತಮ್ಮ ಆದಿಯೆಂದು ಗಣಿಸುತ್ತಾರೆ. ಗಾನವು ನಿಂತು ಮದ್ದಳೆಯೊಂದೇ ನುಡಿಯುವ ಭಾಗವನ್ನು ಎರಡು ತಟ್ಟೆಗಳಿಂದ ಮತ್ತೆಮತ್ತೆ ತಿರುಗಿಸಿ, ಆ ತಾಳದ ಮೇಲೆ ಮಾತನ್ನು ಹೇಳುವುದು ಅಲ್ಲಿಯ ಕ್ರಮ. ೧೯೭೯ರಲ್ಲಿ ಶುಗರ್‌ಹಿಲ್ ಗ್ಯಾಂಗ್ ಎಂಬ ಮೇಳದ ಗೀತವು ಇದನ್ನು ಮಾರುಕಟ್ಟೆಗೆ ತಂದಿತು. ೧೯೮೬ರಲ್ಲಿ ರನ್-ಡಿಎಂಸಿ ಎಂಬ ಮೂವರ ಮೇಳವು ಹೊರತಂದ ‘ರೈಸಿಂಗ್ ಹೆಲ್’ ಸಂಪುಟವು ಮೂವತ್ತು ಲಕ್ಷಕ್ಕೂ ಮಿಕ್ಕು ಮಾರಾಟವಾಯಿತು. ಆ ಸಂಪುಟದ ಒಂದು ಗೀತವು ಇಂಗ್ಲಿಷಿನ ಶಿಶುಪ್ರಾಸಗಳ ಪಾತ್ರಗಳನ್ನೇ ಹೆಣೆದು ಕಟ್ಟಿದ್ದು. ತಮ್ಮ ಭಾಷೆಯ ಮಕ್ಕಳ ಬಾಯಲ್ಲಿ ಮೊದಲೇ ನೆಲೆಸಿದ್ದ ಲಯವನ್ನು ಆ ಮೇಳದವರು ಬಿಡಲಿಲ್ಲವೆಂಬುದು ಮುಂದಿನ ವಿಚಾರಕ್ಕೆ ಉಪಯುಕ್ತ. ೨೦೧೮ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ರಾಪ್‌ಗಾರನ ಸಂಪುಟಕ್ಕೆ ಪುಲಿಟ್ಜರ್ ಪಾರಿತೋಷಕವು ಬಂದ ಮೇಲೆ, ಇದು ವಿದ್ವದ್ವಿಚಾರಕ್ಕೆ ಅನರ್ಹವೆಂಬ ಮಾತು ಅಲ್ಲಿಯೂ ನಿಲ್ಲದಾಯಿತು.

ರಾಪ್‌ನ ಒಂದು ಪಾದಕ್ಕೆ ಸಾಮಾನ್ಯವಾಗಿ ನಾಲ್ಕು ಘಾತಗಳು; ಒಂದೊಂದು ಘಾತವು ನಾಲ್ಕಾಗಿ ಒಡೆಯುತ್ತದೆ. ಒಟ್ಟು ಹದಿನಾರು ಕಾಲಾಂಶಗಳು. ಕನ್ನಡ ಛಂದಸ್ಸನ್ನು ಬಲ್ಲವರಿಗೆ ಇಲ್ಲಿ ಮಂದಾನಿಲ ರಗಳೆಯು ನೆನಪಿಗೆ ಬಾರದಿರದು; ಅದರ ಪಾದಕ್ಕೂ ನಾಲ್ಕು ಮಾತ್ರೆಯ ನಾಲ್ಕು ಗಣಗಳು, ಒಟ್ಟು ಹದಿನಾರು ಮಾತ್ರೆ. ಈ ಸಾಮ್ಯದಿಂದ ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳಲಾಗದು. ಚತುರಶ್ರ ನಡೆಯು ಕುಣಿತಕ್ಕೆ ಸಹಜವಾದ್ದರಿಂದ ದೂರದ ಎರಡು ನಾಡುಗಳಲ್ಲಿ ಅದೇ ಲೆಕ್ಕ ಬಂದಿದೆ, ಅಷ್ಟೆ. ಭೇದವೂ ಉಂಟು. ರಗಳೆಯಲ್ಲಿ ಲಘುಗುರುಗಳೇ ಕಾಲವನ್ನು ತುಂಬುತ್ತವೆ. ರಾಪ್‌ನಲ್ಲಿ ಮೌನಕ್ಕೂ ಮಾತ್ರೆಯುಂಟು. ಅಕ್ಷರವು ಘಾತಕ್ಕೆ ಸರಿಯಾಗಿ ಬೀಳದೆ ಹಿಂದೆ ಮುಂದೆ ಸರಿಯುವುದೇ ಅಲ್ಲಿ ಚಾತುರ್ಯ. ತಾಳಶಾಸ್ತ್ರದ ಸಮ, ಅತೀತ, ಅನಾಗತವೆಂಬ ಗ್ರಹಭೇದಗಳಿಂದ ಇದನ್ನು ವಿವರಿಸಬಹುದು. ಗುರುವನ್ನು ಅದುಮಿ ಲಘುವಾಗಿಸುವುದೂ ಲಘುವನ್ನು ಎಳೆಯುವುದೂ ಉಂಟು. ಅಂಶಗಣದ ತ್ರಿಪದಿಯನ್ನು ಹಾಡುವ ಹೆಂಗಸರು ಇದನ್ನು ಮಾಡುತ್ತಲೇ ಬಂದಿದ್ದಾರೆ.

೪. ಪ್ರಾಸವು ಎಲ್ಲಿರಬೇಕು

ಪ್ರಕೃತ ವಿಮರ್ಶೆಯ ಮುಖ್ಯಾಂಶ ಇದು. ಇಂಗ್ಲಿಷ್ ರಾಪ್‌ನ ಬಲವೆಲ್ಲ ಅಂತ್ಯಪ್ರಾಸದಲ್ಲಿದೆ. ಆ ಭಾಷೆಯಲ್ಲಿ ಪ್ರತ್ಯಯಗಳು ಕಡಮೆ. ಸಾಲು ಹೆಚ್ಚಾಗಿ ನಾಮಪದದಿಂದಲೋ ಧಾತುವಿನಿಂದಲೋ ಮುಗಿಯುತ್ತದೆ. ಅಲ್ಲಿ ಪ್ರಾಸವು ಕೂಡಬೇಕಾದರೆ ಅರ್ಥವುಳ್ಳ ಎರಡು ಮೂಲಶಬ್ದಗಳು ಕೂಡಬೇಕು. ಅದು ಕಷ್ಟ, ಕಷ್ಟವಾದ್ದರಿಂದ ಕೂಡಿದಾಗ ಸಂತೋಷ.

ಕನ್ನಡದ ಪ್ರಕೃತಿಯೇ ಬೇರೆ. ಇಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ. ವಿಭಕ್ತಿಯೂ ಆಖ್ಯಾತಪ್ರತ್ಯಯವೂ ಶಬ್ದದ ಕೊನೆಗೆ ಹತ್ತುತ್ತವೆ. ‘ಬರುತ್ತಾನೆ’, ‘ಹೋಗುತ್ತಾನೆ’, ‘ನೋಡುತ್ತಾನೆ’ ಎಂದು ಸಾಲುಗಳನ್ನು ಮುಗಿಸಿದರೆ ಪ್ರಾಸವೇನೋ ಕಾಣುತ್ತದೆ. ಆದರೆ ಕೂಡಿದ್ದು ಪ್ರತ್ಯಯವೇ ಹೊರತು ಶಬ್ದವಲ್ಲ. ವ್ಯಾಕರಣವು ಪುಕ್ಕಟೆಯಾಗಿ ಕೊಟ್ಟದ್ದನ್ನು ಕವಿಯು ಸಂಪಾದಿಸಿದನೆಂದು ಹೇಳುವುದು ಹೇಗೆ? ಆದ್ದರಿಂದಲೇ ಪ್ರಾಚೀನರು ಪ್ರಾಸವನ್ನು ಪಾದದ ಆದಿಗೆ, ದ್ವಿತೀಯಾಕ್ಷರಕ್ಕೆ ಇಟ್ಟರೆಂದು ತೋರುತ್ತದೆ. ಶಬ್ದದ ಮೂಲವು ಅಲ್ಲಿದೆ. ಹಟ್ಟಿ, ರೊಟ್ಟಿ, ಕಟ್ಟೆ ಎಂಬಲ್ಲಿ ಕೂಡುವುದು ಪ್ರತ್ಯಯವಲ್ಲ, ಶಬ್ದದ ಒಡಲು. ಹತ್ತನೆಯ ಶತಮಾನದ ನಾಗವರ್ಮನು ಛಂದೋಂಬುಧಿಯಲ್ಲಿ ಪ್ರಾಸವನ್ನು ವಿಚಾರಿಸಿದ್ದಾನೆ. ಸಿಂಹ, ಗಜ, ವೃಷಭ, ಅಜ, ಶರಭ, ಹಯವೆಂಬ ಷಟ್‌ಪ್ರಾಸಗಳು ಲಾಕ್ಷಣಿಕರಲ್ಲಿ ಪ್ರಸಿದ್ಧವಾಗಿವೆ. ಈ ವಿಭಾಗವು ಬರಿಯ ಸಂಕೋಲೆಯೆಂದು ಈಚಿನವರು ಭಾವಿಸಿದರೂ ಅದರ ತಳದಲ್ಲಿ ಭಾಷಾಸ್ವಭಾವದ ಒಂದು ತಿಳಿವಳಿಕೆಯುಂಟು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಲ್ಲಿಯೇ ದ್ವಿತೀಯಾಕ್ಷರಪ್ರಾಸವನ್ನು ಬಿಟ್ಟರು; ನವೋದಯದ ಕವಿಗಳು ಅವರನ್ನು ಅನುಸರಿಸಿದರು; ಬಿಟ್ಟದ್ದನ್ನು ಮರಳಿ ಹೊರಿಸುವುದೇಕೆ ಎಂದು. ಇದಕ್ಕೆ ಸಮಾಧಾನ: ಅವರು ಬಿಟ್ಟದ್ದು ಕಣ್ಣಿನಿಂದ ಓದುವ ಕವಿತೆಯಲ್ಲಿ, ಭಾವಕ್ಕೆ ಅಡ್ಡಬಂದ ನಿಯಮವನ್ನು. ರಾಪ್ ಪ್ರಾಸವನ್ನು ಬಿಟ್ಟ ಪ್ರಕಾರವಲ್ಲ, ಪ್ರಾಸವನ್ನೇ ಉಸಿರಾಗಿ ಉಳ್ಳದ್ದು. ಪ್ರಾಸವು ಬೇಕೇ ಬೇಕೆಂದ ಮೇಲೆ ಅದನ್ನು ಭಾಷೆಯ ಯಾವ ತುದಿಯಲ್ಲಿ ಇಡಬೇಕೆಂಬ ಪ್ರಶ್ನೆಯು ತಾನಾಗಿ ಏಳುತ್ತದೆ.

ಕನ್ನಡ ರಾಪ್ ಗೀತಗಳಲ್ಲಿ ಕಾಣುವ ದೌರ್ಬಲ್ಯದ ಬಹುಭಾಗಕ್ಕೆ ಕಾರಣ ಇದೇ. ಅಂತ್ಯಪ್ರಾಸವು ಪ್ರತ್ಯಯದಿಂದ ಸುಲಭವಾಗಿ ಸಿಕ್ಕಿ ರುಚಿಗೆಡುತ್ತದೆ. ರುಚಿಗೆಟ್ಟಿತೆಂದು ತಿಳಿದ ಗೀತಕಾರನು ಸಾಲಿನ ಕೊನೆಗೆ ಇಂಗ್ಲಿಷ್ ಶಬ್ದವನ್ನು ತಂದಿಡುತ್ತಾನೆ. ಹೀಗೆ ಭಾಷಾಮಿಶ್ರಣವು ಎಷ್ಟೋ ಕಡೆ ಮೋಹದಿಂದ ಬಂದದ್ದಲ್ಲ, ಪ್ರಾಸದ ಬಡತನದಿಂದ ಬಂದದ್ದು.

ಹೀಗಿರಲು ‘ತ್ರೀ ಪೆಗ್’ ಗೀತವು ಗೆದ್ದದ್ದು ಹೇಗೆ? ಅದರ ಪಲ್ಲವಿಯನ್ನು ಪರಿಶೀಲಿಸಿದರೆ ಉತ್ತರ ದೊರೆಯುತ್ತದೆ. ಪಲ್ಲವಿಯ ಮೊದಲಲ್ಲಿ ಸಂಖ್ಯಾವಾಚಕವು ಅವಧಾರಣೆಯೊಡನೆ ದ್ವಿರುಕ್ತಿಯಾಗುತ್ತದೆ. ಅದರ ಹಿಂದೆಯೇ ತಲೆತಿರುಗುವಿಕೆಯನ್ನು ಹೇಳುವ ಅನುಕರಣಶಬ್ದವು ಮೇಲೆಮೇಲೆ ಬರುತ್ತದೆ. ದ್ವಿರುಕ್ತಿ, ಅನುಕರಣ ಇವೆರಡೂ ಕನ್ನಡದ ಹುಟ್ಟುಸಂಪತ್ತುಗಳು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅನುಕರಣವನ್ನು ಲಕ್ಷಿಸಿದ್ದಾನೆ. ಕೇಳಿದವನ ನಾಲಗೆಗೆ ಹತ್ತಿದ್ದು ಈ ಭಾಗವೇ. ನಡುವಣ ವಾಚನಖಂಡಗಳನ್ನು ಪೂರ್ತಿಯಾಗಿ ಒಪ್ಪಿಸುವವರು ವಿರಳ. ಎಂದರೆ, ಹೊರನಾಡಿನ ವೇಷದಲ್ಲಿ ಬಂದ ಈ ಗೀತದಲ್ಲಿ ನಿಂತದ್ದು ಎರವಿನ ಅಂಶವಲ್ಲ, ಮನೆಯ ಅಂಶ. ಗೀತಕಾರರು ಅದನ್ನು ಲಕ್ಷಣವನ್ನು ನೋಡಿ ಮಾಡಿದರೋ ಕಿವಿಯನ್ನು ನಂಬಿ ಮಾಡಿದರೋ ಎಂಬ ವಿಚಾರ ಬೇಡ. ಕಿವಿಯು ಸರಿಯಾಗಿ ಹೇಳಿತು.

೫. ಮದ್ಯವಿಷಯ

ಪಾನವನ್ನು ವಸ್ತುವಾಗಿ ಮಾಡಿಕೊಂಡದ್ದೇ ದೋಷವೆಂಬ ಆಕ್ಷೇಪವು ಬಹುಜನರಲ್ಲಿದೆ. ಶಾಸ್ತ್ರದೃಷ್ಟಿಯಿಂದ ಇದು ನಿಲ್ಲುವುದಿಲ್ಲ. ಮಹಾಕಾವ್ಯದ ವರ್ಣನೆಗಳನ್ನು ಎಣಿಸುವಾಗ ದಂಡಿಯು ಮಧುಪಾನವನ್ನೂ ಸೇರಿಸಿದ್ದಾನೆ. ಮಾಘನು ಶಿಶುಪಾಲವಧದ ಹತ್ತನೆಯ ಸರ್ಗದಲ್ಲಿ ಪಾನಗೋಷ್ಠಿಯನ್ನು ವಿಸ್ತರಿಸಿದ್ದಾನೆ. ಪಲ್ಲವರಾಜ ಮಹೇಂದ್ರವರ್ಮನ ಮತ್ತವಿಲಾಸ ಪ್ರಹಸನವು ಕುಡುಕ ಕಾಪಾಲಿಕನೊಬ್ಬನ ಕಥೆ. ಆದಕಾರಣ ಪ್ರಶ್ನೆಯಿರುವುದು ಮದ್ಯದಲ್ಲಲ್ಲ; ಅದರಿಂದ ಯಾವ ರಸವು ಸಿದ್ಧಿಸಿತೆಂಬಲ್ಲಿ. ಮತ್ತವಿಲಾಸದಲ್ಲಿ ಕುಡುಕನು ಆಡುವ ಮಾತಿನಿಂದ ಕುಡಿಯದವರ ಕಪಟವೂ ಹೊರಬೀಳುತ್ತದೆ. ಅಲ್ಲಿ ಹಾಸ್ಯಕ್ಕೆ ಒಂದು ಗುರಿಯುಂಟು. ಪ್ರಕೃತ ಗೀತದಲ್ಲಿ ಮತ್ತತೆಯ ಅನುಭಾವಗಳು, ಎಂದರೆ ತಿರುಗುವಿಕೆ, ತೊದಲು, ಹುಸಿಧೈರ್ಯ, ಚೆನ್ನಾಗಿ ಬಂದಿವೆ. ಆದರೆ ಅವು ತಮ್ಮಲ್ಲಿಯೇ ಮುಗಿದುಹೋಗುತ್ತವೆ. ಹಾಸ್ಯವು ಹುಟ್ಟುತ್ತದೆ, ಬೆಳೆಯುವುದಿಲ್ಲ. ಗೀತದ ನಿಜವಾದ ಕೊರತೆ ನೀತಿಯದಲ್ಲ, ರಸಪೋಷಣೆಯದು.

೬. ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ನಿದರ್ಶನ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಕಡೆಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೊರಟ ಈ ಆಜ್ಞೆಯು ತನ್ನನ್ನು ಬರಹವೆಂದು ಕರೆದುಕೊಳ್ಳುವುದಿಲ್ಲ, ಶ್ರಾವಣವೆಂದು, ಕೇಳಿಸತಕ್ಕದ್ದೆಂದು ಕರೆದುಕೊಳ್ಳುತ್ತದೆ. ಅದು ಚಿಕ್ಕವರಿಗೂ ದೊಡ್ಡವರಿಗೂ ಸಲ್ಲುವ ಮಾತು. ಕೊನೆಯಲ್ಲಿ ಲಿಪಿಕಾರನಾದ ಚಪಡನು ತನ್ನ ಹೆಸರನ್ನು ಸೇರಿಸಿದ್ದಾನೆ. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಲಿಪಿಕಾರನೆಂಬ ಒಂದು ಪದ ಮಾತ್ರ ಖರೋಷ್ಠಿಯಲ್ಲಿದೆ. ಕಿವಿಗಾಗಿ ಕಟ್ಟಿದ ಮಾತು, ಅದರಲ್ಲಿ ಕರ್ತೃವಿನ ನಾಮಮುದ್ರೆ, ಎರಡು ಲಿಪಿಗಳ ಬೆರಕೆ: ರಾಪ್ ವಿಷಯದಲ್ಲಿ ನವೀನವೆಂದು ಹೇಳುವ ಈ ಮೂರೂ ಆ ಬಂಡೆಗಳಲ್ಲಿ ಒಂದೆಡೆ ಇವೆ. ರಾಪ್‌ಗಾರನು ಹಾಡಿನ ನಡುವೆ ತನ್ನ ಹೆಸರನ್ನು ಹೇಳಿಕೊಳ್ಳುವುದನ್ನು ಅಹಂಕಾರವೆನ್ನುವವರು ವಚನಕಾರರ ಅಂಕಿತವನ್ನೂ ದಾಸರ ಮುದ್ರಿಕೆಯನ್ನೂ ಜ್ಞಾಪಿಸಿಕೊಳ್ಳಬೇಕು. ಭೇದವಿಷ್ಟೆ: ಅಂಕಿತದಲ್ಲಿ ಬಹುಮಟ್ಟಿಗೆ ಇಷ್ಟದೈವದ ಹೆಸರು, ಇಲ್ಲಿ ತನ್ನದೇ ಹೆಸರು. ಆ ಭೇದವು ಸಣ್ಣದಲ್ಲ. ಆದರೆ ಅದು ಭಾವದ ಭೇದವೇ ಹೊರತು ರೀತಿಯದಲ್ಲ.

ಭಾಷಾಮಿಶ್ರಣದ ವಿಷಯವೂ ಹೀಗೆಯೇ. ಆಂಧ್ರದ ರಾಯದುರ್ಗಕ್ಕೆ ಹೊಂದಿಕೊಂಡಿರುವ ಮೊಳಕಾಲ್ಮೂರಿನ ಕಡೆ ಮ್ಯಾಸಬೇಡರ ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು, ಕನ್ನಡ ಊರಮಾತು. ಇಂಥವರ ಬಾಯಲ್ಲಿ ಎರಡು ಭಾಷೆಗಳು ಬೆರೆತರೆ ಕೃತಕವೆನಿಸುವುದಿಲ್ಲ. ಏಕೆಂದರೆ ಬೆರೆತದ್ದು ಬಾಳು, ಮಾತು ಅದನ್ನು ಹಿಂಬಾಲಿಸಿತು. ಕವಿರಾಜಮಾರ್ಗವು ಸಕ್ಕದ ಕನ್ನಡಗಳ ಅನುಚಿತವಾದ ಬೆರಕೆಯನ್ನು ಹಳಿದದ್ದು ಔಚಿತ್ಯದ ದೃಷ್ಟಿಯಿಂದ. ಆ ಅಳತೆಯನ್ನೇ ಇಟ್ಟರೆ, ‘ಪೆಗ್’ ಎಂಬುದು ಅಂಗಡಿಯ ವ್ಯವಹಾರದಲ್ಲಿ ನೆಲೆಸಿದ ಶಬ್ದವಾದ್ದರಿಂದ ಅದುಷ್ಟ. ಪ್ರಾಸ ತುಂಬಲೆಂದು ಸಾಲಿನ ಕೊನೆಗೆ ತಂದಿಟ್ಟ ಶಬ್ದವು ದುಷ್ಟ.

ಇನ್ನು ಸ್ಮೃತಿಯ ವಿಚಾರ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯು ಅಕ್ಷರವನ್ನು ಕಲಿಯದೆ ಸಾವಿರಾರು ಪದಗಳನ್ನು ಬಲ್ಲವಳಾಗಿದ್ದಳು. ಕೃಷ್ಣಮೂರ್ತಿ ಹನೂರರು ಆಕೆಯ ಪದಗಳನ್ನು ಬರೆದುಕೊಂಡು ‘ಸಾವಿರದ ಸಿರಿಬೆಳಗು’ ಎಂಬ ಗ್ರಂಥವಾಗಿ ಪ್ರಕಟಿಸಿದರು. ಓದಿನ ಅಭ್ಯಾಸವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಕವಿರಾಜಮಾರ್ಗವು ನಾಡವರನ್ನು ಹೊಗಳಿದ್ದು ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ಇಂಥವರು ಸಾಕ್ಷಿ. ಈ ಪದಗಳನ್ನು ಹಾಡುವಾಗ ಮುಂದಿನವಳು ಒಂದು ಸೊಲ್ಲನ್ನು ಎತ್ತುತ್ತಾಳೆ, ಹಿಂದಿನವರು ಅದನ್ನು ಹಿಡಿದು ಹೇಳುತ್ತಾರೆ. ಅಷ್ಟರಲ್ಲಿ ಮುಂದಿನ ಸೊಲ್ಲು ಆಕೆಯ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ಹಿಮ್ಮೇಳದ ಆವೃತ್ತಿಯು ಸ್ಮೃತಿಗೆ ಒದಗಿಸುವ ಬಿಡುವು ಅದು. ರಾಪ್‌ನಲ್ಲಿ ಯಂತ್ರವು ತಿರುಗಿಸುವ ತಾಳವು ಈ ಕೆಲಸವನ್ನೇ ಮಾಡುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಹಟ್ಟಿಯ ಹಿಮ್ಮೇಳದವರು ಇಂದು ಸೊಲ್ಲು ಹಿಡಿದು ನಾಳೆ ತಾವೇ ಎತ್ತತಕ್ಕವರು. ಅವರಲ್ಲಿ ಪದವು ಮುಂದಕ್ಕೆ ಸಾಗುತ್ತದೆ. ಯಂತ್ರವು ಪದವನ್ನು ಕಲಿಯುವುದಿಲ್ಲ. ಲಕ್ಷ ಜನ ಕೇಳಿದ ಗೀತವು ಒಬ್ಬನಲ್ಲಿಯೂ ಬೆಳೆಯದೆ ಇರಬಹುದು; ಹತ್ತು ಜನ ಹಾಡಿದ ಪದವು ಹತ್ತು ಬಗೆಯಾಗಿ ಬೆಳೆಯಬಹುದು. ಮಾರಾಟದ ಲೆಕ್ಕವು ಈ ಅಂತರವನ್ನು ತೋರಿಸಲಾರದು.

೭. ನಿರ್ಣಯ

ಹೊಸ ಪದ್ಯರೀತಿಯನ್ನು ಪಂಡಿತರು ಹೇಗೆ ಎದುರುಗೊಳ್ಳಬೇಕೆಂಬುದಕ್ಕೆ ಇದೇ ಸೀಮೆಯಲ್ಲಿ ಒಂದು ಮೇಲ್ಪಂಕ್ತಿಯುಂಟು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ಟಿ. ಎಸ್. ವೆಂಕಣ್ಣಯ್ಯನವರು (೧೮೮೫–೧೯೩೯) ಹಳಗನ್ನಡದಲ್ಲಿ ನಿಷ್ಣಾತರಾಗಿದ್ದೂ ತಮ್ಮ ಶಿಷ್ಯನ ಹೊಸ ಕವಿತೆಯನ್ನು ಆದರದಿಂದ ಕೇಳಿದವರು. ಆ ಶಿಷ್ಯರಾದ ಕುವೆಂಪು ಪ್ರಾಸನಿಯಮವನ್ನು ಬಿಟ್ಟು ರಚಿಸಿದ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು. ಆ ಕಾವ್ಯಕ್ಕೂ ಪ್ರಕೃತ ಗೀತಕ್ಕೂ ಹೋಲಿಕೆಯಿಲ್ಲ. ಹೋಲಿಸುವ ಉದ್ದೇಶವೂ ಇಲ್ಲ. ಮೊದಲು ಕೇಳಿ, ಆಮೇಲೆ ಅಳೆಯುವ ವೆಂಕಣ್ಣಯ್ಯನವರ ಕ್ರಮವಷ್ಟೇ ಇಲ್ಲಿ ಗ್ರಾಹ್ಯ.

ಆ ಕ್ರಮದಿಂದ ನೋಡಿದರೆ ಫಲಿತವಾಗುವುದಿಷ್ಟು. ‘ತ್ರೀ ಪೆಗ್’ ಗೀತವು ಲಯದಲ್ಲಿ ಗಟ್ಟಿ, ಪಲ್ಲವಿಯಲ್ಲಿ ಸಫಲ, ರಸಪೋಷಣೆಯಲ್ಲಿ ದುರ್ಬಲ. ಅದರ ಯಶಸ್ಸು ಕನ್ನಡದ ದ್ವಿರುಕ್ತಿ ಅನುಕರಣಗಳಿಂದ ಬಂದದ್ದು. ಕನ್ನಡ ರಾಪ್‌ನ ಸಾಮಾನ್ಯ ಕೊರತೆಯು ಪ್ರಾಸವನ್ನು ಭಾಷೆಗೆ ಒಗ್ಗದ ತುದಿಯಲ್ಲಿ ಕಟ್ಟಿದ್ದರಿಂದ ಬಂದದ್ದು. ಇದಕ್ಕೆ ಪರಿಹಾರವು ಹೊರನಾಡಿನಲ್ಲಿಲ್ಲ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ನಮ್ಮ ತ್ರಿಪದಿಗಳಲ್ಲಿ ಆದಿಪ್ರಾಸವು ನಿಯಮವನ್ನರಿಯದ ಬಾಯಲ್ಲಿಯೂ ಎಷ್ಟು ಸಹಜವಾಗಿ ನಿಂತಿದೆಯೆಂಬುದು ಎಲ್ಲರಿಗೂ ಕಂಡಿತು. ಆ ಕಿವಿಯು ಹೊಸ ಗೀತಕಾರರಿಗೆ ದೊರೆಯಬೇಕಾದರೆ ಹಟ್ಟಿಯ ಪದಗಳು ಪುಸ್ತಕದಲ್ಲಿದ್ದರೆ ಸಾಲದು. ಹಾಡುವವರ ಕಂಠದಿಂದಲೇ ಧ್ವನಿಮುದ್ರಿತವಾಗಿ ಕೇಳಲು ಸಿಕ್ಕಬೇಕು. ಆ ಕಂಠಗಳು ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ.

ಮಂದಾನಿಲ ರಗಳೆಯನ್ನು ಬೋಧಿಸುವ ಉಪಾಧ್ಯಾಯರು ಒಮ್ಮೆ ವಿದ್ಯಾರ್ಥಿಯಿಂದಲೇ ಒಂದು ರಾಪ್ ಪಾದವನ್ನು ಹೇಳಿಸಿ, ಘಾತಗಳನ್ನು ಎಣಿಸಿ, ಅನಂತರ ಹರಿಹರನ ರಗಳೆಯ ಪಾದವನ್ನು ಅದೇ ತಾಳಕ್ಕೆ ಹೇಳಿಸಿ ನೋಡಬಹುದು. ಎಲ್ಲಿ ಪ್ರತ್ಯಯ ಕೂಡಿತು, ಎಲ್ಲಿ ಶಬ್ದ ಕೂಡಿತು ಎಂಬುದನ್ನು ಅವನೇ ಗುರುತಿಸುವನು. ಪ್ರಾಸಪ್ರಕರಣವನ್ನು ಅಲ್ಲಿಂದ ಆರಂಭಿಸುವುದು ಯುಕ್ತವೆಂದು ತೋರುತ್ತದೆ.